ಮಂಡಿಗೆ ಬಾಣಂತನ

ಮಂಡಿಚಿಪ್ಪು ಬದಲಾಯಿಸಿಕೊಂಡು ಬಂಗಾರಪೇಟೆಯ ಮನೆಗೆ ಬಂದ ಚಿಕ್ಕವೆಂಕಟಮ್ಮನಿಗೆ, ಊರಿಗಾಂನಿಂದ ಬಂದಿಳಿದ ಅಕ್ಕ ಮಂಗಮ್ಮ ಬಾಣಂತನವನ್ನೇ ಶುರುಮಾಡಿಬಿಟ್ಟಳು. ತಲೆಗೆ ಬಟ್ಟೆ, ಬೆಳ್ಳುಳ್ಳಿ ಸಾರು, ಮಂಡಿಯ ಕೆಳಗೆ ದಪ್ಪ ದಿಂಬು, ನೆಲಕ್ಕೆ ಕಾಲಿಟ್ಟರೆ ಬೈಗುಳ. ಮಗಳು, ಸೊಸೆ, ನಾದಿನಿ ಎಲ್ಲರಿಗೂ ಬಾಣಂತನ ಮಾಡಿದ ಕೈ ಅದು, ಎದುರಾಡುವವರು ಯಾರು? ಚಿಕ್ಕವೆಂಕಟಮ್ಮನಿಗೂ ಹಾಯಾಗಿಯೇ ಇತ್ತು, ಸುಳ್ಳು ಯಾಕೆ!

ವ್ಯಾಯಾಮ ಮಾಡಿಸಲು ಬಂದ ಇಂದ್ರಾಣಿ ಆ ದಿಂಬು ಕಂಡದ್ದೇ ಹಣೆ ಚಚ್ಚಿಕೊಂಡಳು.

"ಏನಮ್ಮಾ ಇದು! ಕಾಲು ನೆಟ್ಟಗೂ ಆಗ್ತಿಲ್ಲ, ಮಡಚೋಕೂ ಬರ್ತಿಲ್ಲ. ಹಿಂಗೇ ಬಿಗಿದುಕೊಂಡ್ರೆ ಇನ್ನೊಂದ್ಸಲ ಅರಿವಳಿಕೆ ಕೊಟ್ಟು ಬಲವಂತವಾಗಿ ಮಡಚಬೇಕಾಗುತ್ತೆ. ಸೋಮವಾರ ಡಾಕ್ಟ್ರು ನೋಡ್ತಾರೆ. ಇವತ್ತಿಂದ್ಲೇ ಮಡಚಿ, ನಡೀರಿ."

ಅವಳು ಅತ್ತ ಹೋದಳೋ ಇಲ್ಲವೋ, ಮಂಗಮ್ಮ ವಾಕರನ್ನು ಅಡುಗೆಮನೆಗೆ ಹೊತ್ತೊಯ್ದು ದಿಂಬು ಹಿಡಿದುಕೊಂಡು ಬಂದಳು.

ಚಿಕ್ಕವೆಂಕಟಮ್ಮ ದಿಂಬನ್ನು ಕಿತ್ತು ಎಸೆದಳು. ಮಂಚದ ಅಂಚಿಗೆ ಕುಳಿತು ಹಿಮ್ಮಡಿಯನ್ನು ನೆಲದ ಮೇಲೆ ಹಿಂದಕ್ಕೆ ಎಳೆದಳು. ಜೀವ ಬಾಯಿಗೆ ಬಂತು. "ಅಯ್ಯಯ್ಯೋ!"

"ಸಾಕು ಬುಡೇ! ಮಂಡಿ ಹೊಲಿಗೆ ಕಿತ್ತೋದ್ರೆ?" ಮಂಗಮ್ಮ ಓಡಿಬಂದು ಕಾಲು ಹಿಡಿದುಕೊಂಡಳು.

"ಬುಡಕ್ಕ ಕಾಲು! ನಾನೇನು ಬಾಣಂತೀನಾ? ನನ್ನ ಕುಂಟಿ ಮಾಡ್ತಿರೋದು ನೀನೇ!"

ಮಂಗಮ್ಮನ ಮುಖ ಕಪ್ಪಿಟ್ಟಿತು.

"ಬಚ್ಚಲಲ್ಲಿ ಬಿದ್ದ ಅಮ್ಮ ಮತ್ತೆ ಎದ್ಲೇನೆ? ನೀನೂ ಬಿದ್ರೆ ನಂಗ್ಯಾರೇ ಅವ್ರೆ?"

ಚಿಕ್ಕವೆಂಕಟಮ್ಮನಿಗೂ ಅದೇ ಹೆದರಿಕೆ. ಆದರೆ ಆಪರೇಷನ್ ಕೋಣೆಗೆ ಮತ್ತೆ ಹೋಗುವ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು.

"ವಾಕರ್ ತತ್ತಾ ಅಕ್ಕ," ಎಂದಳು.

ತಂದಳು, ಬೈದುಕೊಂಡೇ ತಂದಳು. ಸೊಂಟ ಹಿಡಿಯಲು ಬಂದ ಕೈಯನ್ನು ಚಿಕ್ಕವೆಂಕಟಮ್ಮ ಬೇಡವೆಂದು ತಡೆದಳು. ನೋಡಲಾರದೆ ಮಂಗಮ್ಮ ಬಾಗಿಲಿಗೆ ಒರಗಿ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು.

ಮೊದಲು ವಾಕರ್. ಆಮೇಲೆ ನೋಯುವ ಕಾಲು. ಆಮೇಲೆ ಇನ್ನೊಂದು. ಬೆವರು ಕಿತ್ತುಕೊಂಡು ಬಂತು. ಮಂಡಿ ಗಡಗಡ ನಡುಗಿತು, ಇನ್ನೇನು ಬಿದ್ದೆ ಅನ್ನಿಸಿತು. ಹಲ್ಲು ಕಚ್ಚಿ ಮತ್ತೆ ವಾಕರ್ ನೂಕಿದಳು.

"ಬಿದ್ಯೇನೇ?" ಸೆರಗಿನೊಳಗಿಂದಲೇ ಮಂಗಮ್ಮ ಕೂಗಿದಳು.

"ಕಣ್ ಬುಡಕ್ಕ," ಅವಳ ಮೂಗಿನ ಮುಂದೆಯೇ ನಿಂತಿದ್ದ ತಂಗಿ ಏದುಸಿರು ಬಿಡುತ್ತ ಅಂದಳು. "ಆ ಕಡೆ ಜರುಗು, ದಾರೀಗೆ ಅಡ್ಡ ನಿಂತಿದ್ದೀಯ."