ಅಮ್ಮನ ಕೌದಿಯ ಒಂಬತ್ತು ತೇಪೆ

ಹಳೆಯ ಕೌದಿ ಎಂದರೆ ಜನರಿಗೆ ಅಜ್ಜಿ ನೆನಪಾಗುತ್ತಾಳೆ, ಬಾಲ್ಯ ನೆನಪಾಗುತ್ತದೆ. ಸೂಜಿಯಕ್ಕನಿಗೆ ನೆನಪಾಗುವುದು ಹೊಲಸು. ಇಪ್ಪತ್ತೆರಡು ವರ್ಷದಿಂದ ಹಳೆಯ ಕೌದಿಗಳನ್ನು ದುರಸ್ತಿ ಮಾಡಿಕೊಂಡು ಬಂದವಳಿಗೆ ಬೇರೆ ಏನು ನೆನಪಾಗಬೇಕು? ಅವಳ ಮೇಜಿನ ಮೇಲೆ ಬಂದು ಬೀಳುವ ಕೌದಿಗಳಲ್ಲಿ ಇಲಿಯ ಹಿಕ್ಕೆ ಇರುತ್ತಿತ್ತು, ಯಾರದೋ ತಲೆಕೂದಲು ಇರುತ್ತಿತ್ತು, ಮೂರು ತಲೆಮಾರಿನ ಬೆವರು ಕುಡಿದು ಹೆಂಟೆಗಟ್ಟಿದ ಒಳಪದರ ಇರುತ್ತಿತ್ತು. ಒಮ್ಮೆ ಮನುಷ್ಯರದೇ ಒಂದು ಹಲ್ಲು ಸಿಕ್ಕಿತ್ತು. ತಂದುಕೊಟ್ಟವರು ಮಾತ್ರ ನಮ್ಮಜ್ಜಿಯ ಪ್ರೀತಿಯೆಲ್ಲ ಇದರಲ್ಲೇ ಇದೆ ಎಂದು ಹೇಳುವರು. ಪ್ರೀತಿಯಂತೆ. ಅವರು ಮೆಟ್ಟಿಲು ಇಳಿಯುವುದೇ ತಡ, ಸೂಜಿಯಕ್ಕ ಮೂಗಿಗೆ ಬಟ್ಟೆ ಕಟ್ಟಿ, ಕೈಗೆ ರಬ್ಬರ್ ಗ್ಲೌಸ್ ಏರಿಸಿ, ಆ ಪ್ರೀತಿಯನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಹೋಗಿ ಬಿಸಿಲಿಗೆ ಹಾಕುತ್ತಿದ್ದಳು.

ಹೇಸಿಗೆ ಪಡುವವಳು ಈ ಕೆಲಸಕ್ಕೆ ಯಾಕೆ ಬಂದಳು ಎಂದು ಕೇಳುವವರಿದ್ದರು. ಹೇಸಿಗೆ ಪಡುವುದರಿಂದಲೇ ಕೆಲಸ ಚೆನ್ನಾಗಿ ಆಗುತ್ತದೆ ಎಂಬುದು ಅವಳ ಉತ್ತರ. ಕೊಳೆ ಕಂಡರೆ ಮೈಮೇಲೆ ಹುಳ ಹರಿದಂತಾಗದವರು ಅದನ್ನು ಪೂರ್ತಿ ತೆಗೆಯುವುದಿಲ್ಲ, ಅಲ್ಲಲ್ಲಿ ಬಿಟ್ಟು ಕೈತೊಳೆದುಕೊಳ್ಳುತ್ತಾರೆ. ಅವಳು ಬಿಡುವವಳಲ್ಲ. ಕೊಳೆಗಿಂತ ಹೆಚ್ಚು ಹೇಸಿಗೆ ಅವಳಿಗೆ ಕೆಟ್ಟ ಹೊಲಿಗೆಯ ಮೇಲೆ. ಒಳ್ಳೆಯ ಕೈಯೊಂದು ವರ್ಷಗಟ್ಟಲೆ ಕೂತು ಹೊಲಿದ ಕೌದಿಗೆ ಆಮೇಲೆ ಬಂದ ಯಾವಳೋ ನೈಲಾನ್ ದಾರದಲ್ಲಿ ತೇಪೆ ಜಡಿದದ್ದು ಕಂಡರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಆದ್ದರಿಂದ ಅವಳ ಕೋಣೆಯಲ್ಲಿ ಒಂದೇ ನಿಯಮ: ಮೊದಲಿನ ಕೈ ಮಾಡಿದ್ದು ಉಳಿಯಬೇಕು, ಆಮೇಲಿನವರು ಮಾಡಿದ್ದೆಲ್ಲ ಬಿಚ್ಚಬೇಕು. ಬಿಚ್ಚಿದ ಜಾಗಕ್ಕೆ ಕೌದಿಯಷ್ಟೇ ವಯಸ್ಸಾದ ಬಟ್ಟೆ ಬೇಕಲ್ಲ, ಅದಕ್ಕೆ ಗೋಡೆಯ ಉದ್ದಕ್ಕೂ ಬಿಸ್ಕತ್ ಡಬ್ಬಗಳಿದ್ದವು. ಒಂದೊಂದರಲ್ಲೂ ಒಂದೊಂದು ಕಾಲದ, ಒಂದೊಂದು ಬಣ್ಣದ ಚೂರುಗಳು. ಬೆರಳಗಲದ ಚೂರನ್ನೂ ಅವಳು ಎಸೆದವಳಲ್ಲ. ಕೈಬರಹ ಗುರುತಿಸಿದ ಹಾಗೆ ಹೊಲಿಗೆ ನೋಡಿ ಕೈ ಗುರುತಿಸುತ್ತೇನೆ ಎಂದು ಜಂಬ ಕೊಚ್ಚುತ್ತಿದ್ದಳು. ಜಂಬವೇನೂ ಸುಳ್ಳಲ್ಲ.

ಈ ವಿದ್ಯೆ ಕಲಿಸಿದವಳು ಅವಳ ಅಮ್ಮ. ಆ ಅಮ್ಮನಿಗೆ ಪಾರ್ಶ್ವವಾಯು ಬಡಿದು ಬಲಗೈ ಬಲಗಾಲು ಬಿದ್ದುಹೋದಾಗ ಮೂರು ವರ್ಷ ನೋಡಿಕೊಂಡದ್ದು ತಂಗಿ. ತಂಗಿ ಔಷಧಿ ಅಂಗಡಿಯಲ್ಲಿ ಅರ್ಧ ದಿನ ಕೆಲಸ ಮಾಡಿ, ಉಳಿದ ಹೊತ್ತು ಅಮ್ಮನ ಹೇಲು ಉಚ್ಚೆ ಬಾಚಿದಳು. ಒಂದು ದಿನವೂ ಮುಖ ಸಿಂಡರಿಸಿದವಳಲ್ಲ. ಅಮ್ಮನನ್ನು ಒರೆಸಿದ ಕೈಯನ್ನು ತೊಳೆದು ಅದೇ ಕೈಯಲ್ಲಿ ಅನ್ನ ಕಲಸಿ ಅಮ್ಮನಿಗೂ ಹಾಕಿ ತಾನೂ ತಿನ್ನುವವಳು. ಸೂಜಿಯಕ್ಕ ಭಾನುವಾರ ಹೋಗುತ್ತಿದ್ದಳು. ಹಣ್ಣು ತಂದು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮೂಗಿಗೆ ಕರ್ಚೀಫು ಹಿಡಿದು ಅರ್ಧ ಗಂಟೆ ಕೂತು, ಬಸ್ಸು ತಪ್ಪುತ್ತದೆ ಎಂದು ಎದ್ದುಬಿಡುತ್ತಿದ್ದಳು. ಬಸ್ಸು ಹತ್ತು ನಿಮಿಷಕ್ಕೊಂದು ಇತ್ತು. ಅಮ್ಮ ತೀರಿಕೊಂಡ ದಿನ ಹೊಸ್ತಿಲು ದಾಟಿದವಳ ಬಾಯಿಂದ ಬಂದ ಮೊದಲ ಮಾತು, ಕಿಟಕಿ ತೆಗಿ. ಅಂದಿನಿಂದ ತಂಗಿ ಮಾತು ಬಿಟ್ಟಳು. ಹದಿನಾಲ್ಕು ತಿಂಗಳು ಒಂದು ಫೋನಿಲ್ಲ. ಸೂಜಿಯಕ್ಕನಿಗೆ ಅಂತ ಈ ಭೂಮಿಯ ಮೇಲೆ ಉಳಿದ ರಕ್ತಸಂಬಂಧ ಅದೊಂದೇ, ಅದನ್ನು ತನ್ನ ಮೂಗಿನಿಂದಾಗಿ ಕಳೆದುಕೊಂಡಿದ್ದಳು.

ಹಾಗಿರುವಾಗ ಒಂದು ದಿನ ಕೊರಿಯರಿನಲ್ಲಿ ದೊಡ್ಡ ಪ್ಲಾಸ್ಟಿಕ್ ಚೀಲ ಬಂತು. ಮೇಲೆ ತಂಗಿಯ ಅಕ್ಷರದಲ್ಲಿ ಚೀಟಿ: ಅಮ್ಮನ ಕೌದಿ, ಹರಿದುಹೋಗ್ತಿದೆ, ಸರಿ ಮಾಡು. ಇಷ್ಟೇ. ಅಷ್ಟನ್ನೇ ಸೂಜಿಯಕ್ಕ ನಾಲ್ಕು ಸಲ ಓದಿದಳು. ತಂಗಿ ಬಾಗಿಲು ಒಂದಿಷ್ಟು ತೆರೆದಿದ್ದಾಳೆ, ಈ ಕೌದಿಯನ್ನು ಜನ್ಮದಲ್ಲಿ ಯಾವುದನ್ನೂ ಮಾಡದಷ್ಟು ಚೆಂದ ಮಾಡಿಕೊಟ್ಟರೆ ಪೂರ್ತಿ ತೆರೆದಾಳು ಎಂದುಕೊಂಡು, ಒಪ್ಪಿಕೊಂಡಿದ್ದ ಬೇರೆ ಕೆಲಸಗಳನ್ನೆಲ್ಲ ಪಕ್ಕಕ್ಕಿಟ್ಟು ಚೀಲದ ಗಂಟು ಬಿಚ್ಚಿದಳು.

ವಾಸನೆ ಮುಖಕ್ಕೆ ರಪ್ಪನೆ ಹೊಡೆಯಿತು. ಫಿನಾಯಿಲು, ನೋವಿನ ಮುಲಾಮು, ಅವೆರಡರ ಅಡಿಯಲ್ಲಿ ಯಾವ ಸೋಪಿಗೂ ಜಗ್ಗದ ಉಚ್ಚೆಯ ಕಮಟು. ಅವಳು ಬಚ್ಚಲಿಗೆ ಓಡಿದಳು. ಬಾಯಿ ಮುಕ್ಕಳಿಸಿ ಬಂದು, ಗ್ಲೌಸಿನ ಮೇಲೆ ಇನ್ನೊಂದು ಗ್ಲೌಸ್ ಹಾಕಿಕೊಂಡು ಕೌದಿಯನ್ನು ಮೇಜಿನ ಮೇಲೆ ಹರಡಿದಳು. ಮೇಲ್ಭಾಗ ಅಮ್ಮನದೇ ಕೈ, ಅಳೆದಿಟ್ಟಂಥ ಸಣ್ಣ ಹೊಲಿಗೆ. ಬಟ್ಟೆ ಜೀರ್ಣವಾಗಿತ್ತು, ಆದರೂ ನೋಡಿದರೆ ಕಣ್ಣು ತಂಪಾಗುವಂತಿತ್ತು. ನಡುವಿನಿಂದ ಕೆಳಕ್ಕೆ ಮಾತ್ರ ಒಂಬತ್ತು ತೇಪೆ. ತೇಪೆ ಎನ್ನಲೂ ನಾಚಿಕೆ. ಹಳೆಯ ರೇನ್‌ಕೋಟಿನ ಐದು ತುಂಡು, ಬಚ್ಚಲಿನ ಪರದೆಯ ಮೂರು, ಗುಲಾಬಿ ನೈಟಿಯದು ಒಂದು. ಸುತ್ತ ಹೊಲಿಗೆ ಬೆರಳುದ್ದ, ಒಂದು ಇಲ್ಲಿ, ಇನ್ನೊಂದು ಎಲ್ಲೋ. ಅಂಚಿನ ಹೊಲಿಗೆ ವಾಲಬೇಕಾದ ಕಡೆಗೆ ವಾಲದೆ ತಿರುಗಾಮುರುಗಾ ವಾಲಿತ್ತು. ಅದನ್ನು ಅವಳು ಗಮನಿಸಿದಳು. ಗಮನಿಸಿ, ತಂಗಿಗೆ ಸೂಜಿ ಹಿಡಿಯಲು ಯಾವಾಗ ಬಂದಿತ್ತು, ಇಂಥ ಕೌದಿಯನ್ನು ಹೀಗೆ ಕೊಲ್ಲಲು ಮನಸ್ಸಾದರೂ ಹೇಗೆ ಬಂತು ಎಂದು ಬೈದುಕೊಂಡಳು.

ನಿಯಮದಂತೆ ಮೊದಲು ಫೋನಿನಲ್ಲಿ ಫೋಟೋ ತೆಗೆದಳು. ಆಮೇಲೆ ಒಂಬತ್ತನ್ನೂ ಬಿಚ್ಚಿದಳು. ರೇನ್‌ಕೋಟಿನ ಅಡಿಯಲ್ಲಿ ಒಳಪದರ ಕರ್ರಗೆ ಕೊಳೆತಿತ್ತು. ಬೆರಳಗಲದ ಚೂರನ್ನೂ ಎಸೆಯದವಳು ಆ ತುಂಡುಗಳನ್ನು ಮುಟ್ಟಲೂ ಹೇಸಿ, ಗ್ಲೌಸಿನ ಸಮೇತ ಚೀಲಕ್ಕೆ ತುಂಬಿ ಬೆಳಗಿನ ಕಸದ ಗಾಡಿಗೆ ಹಾಕಿದಳು. ಕೌದಿಯನ್ನು ನಾಲ್ಕು ನೀರಿನಲ್ಲಿ ಒಗೆದು, ಹೊಸ ಒಳಪದರ ಕೊಟ್ಟು, ಡಬ್ಬಗಳನ್ನೆಲ್ಲ ಕೆದಕಿ ಅಮ್ಮನ ಕಾಲದ್ದೇ ಚೂರುಗಳನ್ನು ಹುಡುಕಿ ಜೋಡಿಸಿದಳು. ಮೂರು ವಾರ ಹಿಡಿಯಿತು. ಎಲ್ಲಿ ಅಮ್ಮನ ಹೊಲಿಗೆ ನಿಂತಿತು, ಎಲ್ಲಿ ತನ್ನದು ಶುರುವಾಯಿತು ಎಂದು ಅವಳಿಗೇ ಗೊತ್ತಾಗದಷ್ಟು ಚೆನ್ನಾಗಿ ಬಂತು. ಬರಬಹುದು ಎಂದು ತಂಗಿಗೆ ಸಂದೇಶ ಕಳಿಸಿದಳು.

ತಂಗಿ ಮರುದಿನ ಮಧ್ಯಾಹ್ನವೇ ಬಂದಳು. ಸೊರಗಿದ್ದಳು, ಆದರೆ ಮುಖದಲ್ಲಿ ಸಿಟ್ಟಿರಲಿಲ್ಲ. ಸೂಜಿಯಕ್ಕ ಹೊಸದಾಗಿ ಮದುವೆಯಾದವಳ ಹಾಗೆ ಓಡಾಡಿ ಕುರ್ಚಿ ಹಾಕಿದಳು, ನೀರು ಕೊಟ್ಟಳು, ಕೌದಿಯನ್ನು ತಂದು ಕಿಟಕಿಯ ಬೆಳಕಿನಲ್ಲಿ ಬಿಚ್ಚಿದಳು. ತಂಗಿ ಅದನ್ನು ಮೇಲಿನಿಂದ ಕೆಳಗೆ ನೋಡಿದಳು, ತಿರುಗಿಸಿ ನೋಡಿದಳು, ಕೊನೆಗೆ ತೇಪೆಗಳೆಲ್ಲಿ ಎಂದು ಕೇಳಿದಳು. ಸೂಜಿಯಕ್ಕ ನಕ್ಕಳು. ಆ ಕಸವನ್ನೆಲ್ಲ ಬಿಚ್ಚಿದ್ದಾಯಿತು, ನಿನ್ನ ಕೈಗೆ ಸೂಜಿ ಕೊಡುವುದೂ ಒಂದೇ ಸುತ್ತಿಗೆ ಕೊಡುವುದೂ ಒಂದೇ ಎಂದು ರೇಗಿಸಿದಳು.

"ಅದು ನಾನು ಹೊಲಿದಿದ್ದಲ್ಲ" ಎಂದಳು ತಂಗಿ. "ಅಮ್ಮ ಹೊಲಿದಿದ್ದು. ಎಡಗೈಲಿ."

ಎಡಗೈ ಹೊಲಿಗೆ ವಾಲುವುದು ತಿರುಗಾಮುರುಗಾ ಎಂದು ಸೂಜಿಯಕ್ಕನಿಗೆ ಆಗ ಹೊಳೆಯಿತು. ತಂಗಿ ನಿಧಾನವಾಗಿ ಹೇಳಿದಳು. ಎರಡನೇ ವರ್ಷ ಅಮ್ಮ ಸೂಜಿ ಬೇಕು ಎಂದು ಹಟ ಹಿಡಿದಳಂತೆ. ತಂಗಿ ದಾರ ಪೋಣಿಸಿ, ಬಟ್ಟೆಯನ್ನು ಎಳೆದು ಹಿಡಿದುಕೊಂಡು ಕೂರಬೇಕು, ಅಮ್ಮ ಬಾಯಲ್ಲಿ ಜೊಲ್ಲು ಸುರಿಸುತ್ತ ಒಂದೊಂದೇ ಹೊಲಿಗೆ ಹಾಕಬೇಕು. ಒಂದು ತೇಪೆಗೆ ಹತ್ತು ದಿನ. ಈಗ ಸುತ್ತಲಿನ ಹಳೆಯ ಬಟ್ಟೆ ಹರಿದು ಆ ತೇಪೆಗಳು ಕಿತ್ತುಬರುವಂತಿದ್ದವು, ಅವನ್ನು ಭದ್ರ ಮಾಡಲಿ ಎಂದೇ ಅಕ್ಕನಿಗೆ ಕಳಿಸಿದ್ದು.

ರೇನ್‌ಕೋಟು ಯಾಕೆ ಎಂದು ಸೂಜಿಯಕ್ಕ ಕೇಳಬಾರದಿತ್ತು. ಕೇಳಿದಳು.

"ಒದ್ದೆ ಆಗಿ ಆಗಿ ವಾಸನೆ ಹಿಡಿದ ಜಾಗಕ್ಕೆಲ್ಲ ಅದನ್ನ ಹಾಕಿದ್ಲು. ದೊಡ್ಡವಳಿಗೆ ವಾಸನೆ ಆಗಲ್ಲ, ಇದನ್ನ ಮುಚ್ಚಿಬಿಟ್ರೆ ಭಾನುವಾರ ಬಂದಾಗ ಹತ್ರ ಕೂತ್ಕೋತಾಳೆ ಅಂತ." ತಂಗಿ ಮತ್ತೆ ಕೇಳಿದಳು, "ತೇಪೆ ಎಲ್ಲಿಟ್ಟಿದೀಯ, ಅಕ್ಕ?"

ಅಕ್ಕ ಎಂದು ಕರೆದಿದ್ದಳು. ನಿಜ ಹೇಳಿದರೆ ಈ ಮೆಟ್ಟಿಲನ್ನು ಇವಳು ಮತ್ತೆ ಹತ್ತುವುದಿಲ್ಲ ಎಂದು ಸೂಜಿಯಕ್ಕನಿಗೆ ಖಾತ್ರಿಯಾಯಿತು. ಸುಳ್ಳು ತಾನಾಗಿಯೇ ಹರಿದುಬಂತು, ಅದೂ ಕಸಬಿನ ಭಾಷೆಯಲ್ಲಿ. ಬಿಚ್ಚಿದ್ದು ಎಂದರೆ ಕೌದಿಯಿಂದ ಬಿಡಿಸಿದ್ದು ಅಷ್ಟೇ, ಹೊಲಿಗೆ ಮುಟ್ಟಿಲ್ಲ, ಅಡಿಯ ಪದರದ ಸಮೇತ ಎತ್ತಿ ಒಣಗಲು ಇಟ್ಟಿದ್ದೇನೆ, ಎಲ್ಲಿದ್ದವೋ ಅಲ್ಲೇ ಕೂರಿಸುತ್ತೇನೆ, ಎಂಟು ದಿನ ಬಿಟ್ಟು ಬಾ ಎಂದಳು. ತಂಗಿ ನಂಬಿದಳು. ಹೋಗುವಾಗ ಅಕ್ಕನ ತೋಳನ್ನು ಒಮ್ಮೆ ಹಿಡಿದುಕೊಂಡಳು.

ಮುಂದಿನ ಎಂಟು ದಿನ ಸೂಜಿಯಕ್ಕ ಮಾಡಿದ ಕೆಲಸವನ್ನು ಹೇಳಲೂ ಅಸಹ್ಯ. ಅದಕ್ಕೆ ಬೇಕಾದ ಕಲೆ ಅವಳಲ್ಲಿತ್ತು, ಅದೇ ದೊಡ್ಡ ಅಸಹ್ಯ. ಫೋಟೋ ಎದುರಿಗಿಟ್ಟುಕೊಂಡು ಡಬ್ಬಗಳಿಂದ ರೇನ್‌ಕೋಟಿನ ಚೂರು ಆರಿಸಿದಳು, ಬಚ್ಚಲ ಪರದೆಗೆ ಹಳೆಯ ಸಾಮಾನಿನ ಅಂಗಡಿ ಸುತ್ತಿದಳು, ತನ್ನದೇ ಗುಲಾಬಿ ನೈಟಿ ಕತ್ತರಿಸಿದಳು. ಚಹದ ನೀರಿನಲ್ಲಿ ಅದ್ದಿ, ಕಲ್ಲಿಗೆ ಉಜ್ಜಿ ವಯಸ್ಸು ಬರಿಸಿದಳು. ಸೂಜಿಯನ್ನು ಎಡಗೈಗೆ ತೆಗೆದುಕೊಂಡಳು. ಮೊದಲ ದಿನ ಕೈ ನಿಜವಾಗಿಯೂ ಅಡ್ಡಾದಿಡ್ಡಿ ಹೋಯಿತು. ಎರಡನೇ ದಿನಕ್ಕೆ ಅದು ಪಳಗಿ ಹೊಲಿಗೆ ನೆಟ್ಟಗೆ ಬರತೊಡಗಿತು, ಅದನ್ನು ಬೇಕೆಂದೇ ಸೊಟ್ಟ ಮಾಡಬೇಕಾಯಿತು. ಫೋಟೋದಲ್ಲಿ ಅಮ್ಮನ ದಾರ ಜಾರಿದ ಕಡೆಗೆ ತಾನೂ ಜಾರಿಸಿದಳು, ಅಮ್ಮ ಎರಡೆರಡು ಸಲ ಚುಚ್ಚಿದಲ್ಲಿ ತಾನೂ ಎರಡು ಸಲ ಚುಚ್ಚಿದಳು. ಏಳನೇ ದಿನ ಔಷಧಿ ಅಂಗಡಿಯಿಂದ ಅದೇ ನೋವಿನ ಮುಲಾಮು ತಂದಳು, ತಂಗಿ ಕೆಲಸ ಮಾಡುವ ಅಂಗಡಿ ಬಿಟ್ಟು ಬೇರೆ ಕಡೆಯಿಂದ. ಫಿನಾಯಿಲೂ ತಂದಳು. ಮೂರು ವರ್ಷ ಯಾವ ವಾಸನೆಗೆ ಮೂಗು ಮುಚ್ಚಿದ್ದಳೋ ಅದನ್ನು ಬರಿಗೈಯಲ್ಲಿ ಬೆರೆಸಿ, ಮೂಸಿ, ಇನ್ನಷ್ಟು ಸೇರಿಸಿ, ಮತ್ತೆ ಮೂಸಿ, ತೇಪೆಗಳಿಗೆ ಸವರಿದಳು. ವಾಕರಿಕೆ ಬರಲಿಲ್ಲ. ಬಂದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಎಂಥೆಂಥ ಹೊಲಸು ನೋಡಿದ್ದಳು, ಆದರೆ ತನ್ನ ಕೈಯನ್ನು ನೋಡಿ ಹೇಸಿದ್ದು ಅದೇ ಮೊದಲು.

ಹೇಳಿದ ದಿನ ತಂಗಿ ಬಂದಳು. ಡಬ್ಬಿಯಲ್ಲಿ ಅನ್ನ ಸಾರು ಕಟ್ಟಿಕೊಂಡು ಬಂದಿದ್ದಳು, ಇಬ್ಬರೂ ಕೂತು ಉಣ್ಣೋಣ ಎಂದು. ಕೌದಿ ನೋಡಿದವಳೇ ಅದನ್ನು ಎರಡೂ ಕೈಯಲ್ಲಿ ಬಾಚಿ ಮುಖಕ್ಕೆ ಒತ್ತಿಕೊಂಡಳು. ಬಹಳ ಹೊತ್ತು ಹಾಗೇ ಇದ್ದಳು. ಮುಖ ಎತ್ತಿದಾಗ ಕೆನ್ನೆ ಒದ್ದೆಯಾಗಿತ್ತು, ಅಮ್ಮ ಹೋದಾಗಿನಿಂದ ತಾನು ಅತ್ತೇ ಇರಲಿಲ್ಲ ಎಂದಳು. ಅಂದು ಕಿಟಕಿ ತೆಗೆಯಲು ಹೇಳಿದ್ದಕ್ಕೆ ಸಿಟ್ಟು ಇಟ್ಟುಕೊಂಡದ್ದು ತನ್ನದೂ ತಪ್ಪೇ, ಇನ್ನು ಮೇಲೆ ಭಾನುವಾರ ಮನೆಗೆ ಬಾ, ಈ ಕೌದಿ ಹಾಸಿಕೊಂಡು ಇಬ್ಬರೂ ಕೂರೋಣ ಎಂದಳು. ಸೂಜಿಯಕ್ಕನಿಗೆ ಬೇಕಾಗಿದ್ದುದೆಲ್ಲ ಸಿಕ್ಕಿತ್ತು. ಬಾಯಿ ಮುಚ್ಚಿಕೊಂಡು ಊಟಕ್ಕೆ ಕೂತಿದ್ದರೆ ಸಾಕಿತ್ತು.

ತಂಗಿ ಕಡೆಯ ತೇಪೆಯ ಅಂಚಿನ ಮೇಲೆ ಬೆರಳಾಡಿಸುತ್ತಿದ್ದಳು. ಒಂದು ಕಡೆ ಬೆರಳು ನಿಂತಿತು.

"ಇಲ್ಲಿ ನೋಡು" ಎಂದಳು. "ಇಲ್ಲಿ ಎಷ್ಟು ನಡುಗಿದೆ. ಪಾಪ, ಸುಸ್ತಾಗಿತ್ತೇನೋ."

ಆ ನಡುಕವನ್ನು ಸೂಜಿಯಕ್ಕ ಗುರುವಾರ ಬೆಳಗ್ಗೆ ಮೂರು ಸಲ ಬಿಚ್ಚಿ ಹೊಲಿದಿದ್ದಳು. ಮೂರನೇ ಸಲ ಮನಸ್ಸಿಗೆ ಒಪ್ಪುವಂತೆ ಬಂದಾಗ ಭೇಷ್ ಎಂದೂ ಅಂದುಕೊಂಡಿದ್ದಳು. ಈಗ ಅದನ್ನು ತಂಗಿಯ ಬೆರಳು ಸವರುವುದನ್ನು ನೋಡುತ್ತ ಅವಳಿಗೆ ತನ್ನ ಚರ್ಮದೊಳಗೆ ಇರಲು ಆಗಲಿಲ್ಲ.

"ಅದು ಅಮ್ಮ ಅಲ್ಲ" ಎಂದಳು. "ನಾನು ಹೊಲಿದಿದ್ದು. ಅಮ್ಮಂದು ಕಸದ ಗಾಡಿಗೆ ಹಾಕ್ಬಿಟ್ಟೆ. ವಾಸನೇನೂ ನಾನೇ ಹಚ್ಚಿದ್ದು."

ತಂಗಿ ಕೂಗಾಡಲಿಲ್ಲ. ಕೌದಿಯನ್ನು ತೊಡೆಯ ಮೇಲಿಂದ ನೆಲಕ್ಕೆ ಜಾರಿಸಿ, ಬೆರಳುಗಳನ್ನು ಒಂದೊಂದಾಗಿ ಸೆರಗಿಗೆ ಒರೆಸಿಕೊಂಡಳು.