ಮಸೆದ ಕಲ್ಲು

ಹೆಣ ಇನ್ನೂ ಚಟ್ಟದ ಮೇಲಿದ್ದಾಗ ನಡೆದದ್ದನ್ನು ಕಥೆ ಮಾಡಿ ಹೇಳಲು ಹೊರಟಿದ್ದಕ್ಕೆ ಆ ಕೇರಿಯವರು ಮನ್ನಿಸಬೇಕು.

"ನಿಮ್ಮವ್ವ ಸತ್ರೆ ನನ್ ತೋಟಕ್ಕೆ ಯಾಕ್ಲೇ ತಂದೆ, ಬೋಳಿಮಗನೆ? ಗೊಬ್ಬರ ಮಾಡಾಕಾ?"

ಶಿವಕುಮಾರಪ್ಪ ಬೈಕಿನಿಂದ ಇಳಿಯದೆಯೇ ಕೇಳಿದ. ಜಂಪಣ್ಣ ಚಟ್ಟವನ್ನು ಹೆಗಲಿನಿಂದ ಇಳಿಸಿದ. ಕೇರಿಯವರು ಸತ್ತವರನ್ನು ಹೂಳುತ್ತಿದ್ದ ನೆಲಕ್ಕೆ ಆ ಬೇಸಿಗೆಯಲ್ಲಿ ಶಿವಕುಮಾರಪ್ಪ ಜಾಲಿಮುಳ್ಳಿನ ಬೇಲಿ ಹಾಕಿಸಿದ್ದ. ಒಳಗೆ ತೆಂಗಿನ ಸಸಿಗೆ ಗುಂಡಿಗಳು. ಕೂಲಿಗೆ ಹೋಗಿ ಅವನ್ನು ತೋಡಿದ್ದೂ ಕೇರಿಯವರೇ.

"ನಮ್ಮಪ್ಪನ್ನೂ ಇಲ್ಲೇ ಹೂಣಿದ್ದು, ಗೌಡ್ರೆ."

"ಕಲ್ನಾಗೆ ಬರ್ದೈತೆ ಅಂತ ತಾಲ್ಲೂಕಾಫೀಸ್ ಮುಂದೆ ಕೂಗಿದ್ರಲ್ಲ, ಓದ್ಸು. ನಿಮ್ಮೋರ್ದು ಅಂತ ಇದ್ರೆ ಹೂಣು. ಇಲ್ದಿದ್ರೆ ಎತ್ಕಂಡ್ ನಡಿ."

ಬೇಲಿಯ ಹೊರಗೆ, ದಾರಿಯ ಪಕ್ಕ ಆ ವೀರಗಲ್ಲು ಇತ್ತು. ಕೆರೆ ಒಡೆದಾಗ ಏರಿ ಉಳಿಸಲು ಹೋಗಿ ಸತ್ತವನು ಕೇರಿಯವನು, ಅವನ ಹೆಸರಿಗೆ ಈ ನೆಲ ಬಿಟ್ಟರು ಎಂಬುದು ಹಿರಿಯರ ಮಾತು. ಜಂಪಣ್ಣನ ಚಿಕ್ಕಪ್ಪನ ಮಗ ನಾಗರಾಜ, ಹೊಸದುರ್ಗದಲ್ಲಿ ಚರಿತ್ರೆಯ ಮೇಷ್ಟ್ರು, ಕೇರಿಯ ಸಂಘದ ಸಭೆಯಲ್ಲಿ ಅದನ್ನೇ ಹೇಳಿದ್ದ. ಈಗ ಅವನು ಅಕ್ಷರಗಳ ಅಚ್ಚು ತೆಗೆಯಲು ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಎತ್ತಿದ. ಎತ್ತಿ ಬೆಳಕಿಗೆ ಹಿಡಿದ.

"ಏನೈತಪ್ಪ?"

"ಕೆರೆ ಅಂತ ಐತೆ. ಸತ್ತ ಅಂತ ಐತೆ. ಯಾರು ಅನ್ನೋ ಜಾಗ ಸವ್ದು ಹೋಗೈತಣ್ಣ."

ಜಂಪಣ್ಣ ಬಗ್ಗಿ ನೋಡಿದ. ಅಂಗೈಯಗಲದ ನುಣ್ಣನೆಯ ತಗ್ಗು. ಗೌಡರ ರಾಗಿ ಕೊಯ್ಲಿಗೆ ಹೋಗುವ ಮುನ್ನ ಅವನು ಕುಡುಗೋಲು ಮಸೆಯುತ್ತಿದ್ದದ್ದು ಅಲ್ಲಿಯೇ. ಅವನಪ್ಪನೂ. ಅವನಜ್ಜನೂ.

ಸಂಘದ ಮಾರುತೇಶ್ ನಾಗರಾಜನ ಕಿವಿಗೆ ಬಗ್ಗಿದ. "ನಮ್ಮೋನೇ ಅಂತ ಹೇಳ್ಬಿಡ್ರಿ ಮೇಷ್ಟ್ರೆ. ಅವ್ನಿಗೇನ್ ಹಳೇ ಅಕ್ಷರ ಬರ್ತೈತಾ?"

"ಇವತ್ ನಾನು ಇಲ್ದಿದ್ದು ಓದಿದ್ರೆ, ನಾಳೆ ಅವ್ನೂ ಯಾರನ್ನಾರ ಕರ್ಕಂಬಂದು ಓದಿಸ್ತಾನೆ."

"ಹೆಣ ನಾಳೆ ಗಂಟ ಇರ್ತೈತಾ?"

ನಾಗರಾಜ ತಲೆ ಎತ್ತಲಿಲ್ಲ. "ಹೆಸ್ರು ಸವ್ದೈತೆ," ಎಂದ, ಎಲ್ಲರಿಗೂ ಕೇಳುವಂತೆ.

"ನೋಡ್ದಾ?" ಶಿವಕುಮಾರಪ್ಪ ನಕ್ಕ. "ನಿಮ್ ಜಾತಿಯೋನೇ ಹೇಳ್ದ."

ಜಂಪಣ್ಣನಿಗೆ ಸಿಟ್ಟೂ ಬರಲಿಲ್ಲ. ಸೊಂಟದ ಮಚ್ಚು ತೆಗೆದು, ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಅದೇ ತಗ್ಗಿಗೆ ಉಗುಳಿ ಮಸೆಯತೊಡಗಿದ.

"ಅಣ್ಣಾ, ಅಂಚಿನಾಗೆ ಒಂದಕ್ಷರ ಉಳ್ದೈತೆ! ಕಾಗದಕ್ಕೆ ಸರಿಯಾಗಿ ಬಂದಿಲ್ಲ, ಇನ್ನೊಂದ್ ಸಲ ತಗಿತೀನಿ..." ನಾಗರಾಜ ಅಂಗೈಯನ್ನು ಅಡ್ಡ ಇಟ್ಟ.

"ಕೈ ತೆಗಿ ತಮ್ಮಾ. ಕುಯ್ತೈತೆ."

ಜಂಪಣ್ಣ ಮಚ್ಚು ಹಿಡಿದು ಕಾಯುತ್ತಿದ್ದ. ಹೆಂಗಸರು ಹೆಣದ ಮುಖದ ಮೇಲಿನ ನೊಣ ಓಡಿಸುತ್ತಿದ್ದರು. ನಾಗರಾಜ ಕೈ ತೆಗೆದ.

ಮಸೆದು ಮುಗಿಸಿ ಜಂಪಣ್ಣ ಬೇಲಿಗೆ ಮೊದಲ ಏಟು ಹಾಕಿದ. ಶಿವಕುಮಾರಪ್ಪನ ಬೈಕು ಆಳುಗಳನ್ನು ಕರೆತರಲು ಊರ ಕಡೆ ತಿರುಗಿತು. ಕಡಿದ ಮುಳ್ಳನ್ನು ನಾಗರಾಜ ಬರಿಗೈಯಲ್ಲಿ ಎಳೆದು ಹಾಕಿದ. ತೆಂಗಿನ ಗುಂಡಿಯೊಂದನ್ನು ಹೆಣದ ಉದ್ದಕ್ಕೆ ತೋಡಿದರು.

ಮಚ್ಚಿಗೆ ಸವೆದ ಆ ಅಕ್ಷರ ಯಾವುದಾಗಿತ್ತೋ, ಕೆರೆಗಾಗಿ ಸತ್ತವನು ಯಾರೋ, ಇವತ್ತಿಗೂ ಗೊತ್ತಿಲ್ಲ.