ಬುವಾಲಾಳ ಪ್ರಾಸಾದ

ಆ ಪ್ರಾಸಾದಕ್ಕೆ ಗಿರಾಕಿ ಇರಲಿಲ್ಲ. ಬುವಾಲಾಗೆ ಅದು ನೋಡಿದ ಕೂಡಲೇ ಗೊತ್ತಾಯಿತು. ಅಂಗಡಿಯಲ್ಲಿ ಕಟ್ಟುವ ಪ್ರತಿ ಪ್ರಾಸಾದದ ಕಾಲಿಗೂ ಸತ್ತವರ ಹೆಸರಿನ ಚೀಟಿ ಇರುತ್ತದೆ. ಇದಕ್ಕೆ ಇಲ್ಲ. ಹೆಣದ ಪೆಟ್ಟಿಗೆಯನ್ನು ಚಿತೆಯವರೆಗೆ ಒಯ್ಯುವ ಆ ಬಿದಿರು-ಕಾಗದದ ಗೋಪುರ ಮೂಲೆಯಲ್ಲಿ ಗೋಣಿ ಹೊದ್ದು ನಿಂತಿತ್ತು. ಅಳತೆಯೂ ಸಣ್ಣದು, ತೀರಾ ಒಣಗಿದ ಹೆಂಗಸಿಗೆ ಆಗುವಷ್ಟು.

"ಮಾವ, ಇದು ಯಾರದ್ದು?"

ಬಿದಿರು ಸೀಳುತ್ತಿದ್ದ ಖಾಂಪಾನ್ ಮಾವ ತಲೆ ಎತ್ತಲಿಲ್ಲ. "ಸುಮ್ನೆ. ಕೈ ಖಾಲಿ ಇತ್ತಲ್ಲ."

ಕೈ ಖಾಲಿ! ಆ ವರ್ಷಗಳಲ್ಲಿ ಫಾಯಾವ್ ಊರಿನ ಪ್ರಾಸಾದ ಕಟ್ಟುವವರಿಗೆ ಊಟಕ್ಕೂ ಬಿಡುವಿರಲಿಲ್ಲ. ಎಚ್‌ಐವಿಯಿಂದ ಸಾಯುತ್ತಿದ್ದವರೆಲ್ಲ ಹರೆಯದವರು. ಚಿನ್ನದ ಕಾಗದದಲ್ಲಿ ಹೂಬಳ್ಳಿ ಕತ್ತರಿಸುವುದು ಬುವಾಲಾಳ ಕೆಲಸ. ಗಂಡನ ಪ್ರಾಸಾದಕ್ಕೂ ಅವಳೇ ಕತ್ತರಿಸಿದ್ದಳು. ಅವನು ಬಿಟ್ಟುಹೋದ ಎಚ್‌ಐವಿ ಅವಳ ರಕ್ತದಲ್ಲಿತ್ತು. ಮಳೆ ನಿಂತಾಗಿನಿಂದ ನೀರಿನಂಥ ಭೇದಿ. ಉಟ್ಟ ಬಟ್ಟೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಮಲ ಪರೀಕ್ಷೆ ಮಾಡಿ, ಹುಳವೂ ಇಲ್ಲ, ಮೊಟ್ಟೆಯೂ ಇಲ್ಲ ಅಂದಿದ್ದರು.

ಅವಳು ಗೋಣಿ ಎತ್ತಿ ಪ್ರಾಸಾದವನ್ನು ಸುತ್ತಿ ನೋಡಿದಳು. "ನನಗೇ ಅಂತ ಕಟ್ಟಿದ್ಮೇಲೆ ಜಿಪುಣತನ ಯಾಕೆ ಮಾವ? ಹಿಂದ್ಗಡೆ ಬರೀ ಬಿಳಿ ಕಾಗದ!"

"ಹಿಂದೆ ಯಾರು ನೋಡ್ತಾರೆ..." ಅಂದುಬಿಟ್ಟ ಮಾವ. ಆಮೇಲೆ ನಾಲಿಗೆ ಕಚ್ಚಿಕೊಂಡ.

ಬುವಾಲಾ ಕತ್ತರಿ ಕೆಳಗಿಟ್ಟು ಎದ್ದಳು. ನೇರ ಇನ್‌ಸೋನ್‌ನ ಮನೆಗೆ ಹೋದಳು. ಎಚ್‌ಐವಿ ಇದ್ದವರನ್ನೆಲ್ಲ ವಾರವಾರ ಬೌದ್ಧ ವಿಹಾರದ ಹಿಂದೆ ಕೂಡಿಸಿ, ಆಸ್ಪತ್ರೆಯವರ ಜೊತೆ ಜಗಳ ಆಡುವುದನ್ನು ಕಲಿಸುತ್ತಿದ್ದವನು ಅವನು.

"ಕ್ಷಯದ ಕಫಕ್ಕೆ ಹಾಕ್ತಾರಲ್ಲ ಕೆಂಪು ಬಣ್ಣ, ಆ ಥರ ಬಣ್ಣ ಹಾಕಿ ನೋಡಿ ಅಂತ ಕೇಳು," ಅಂದ ಇನ್‌ಸೋನ್, ಬೈಕಿಗೆ ಒದೆಯುತ್ತ. "ಇಲ್ದಿದ್ರೆ ಆ ಹಾಳಾದ ಸಣ್ಣ ಹುಳ ಕಣ್ಣಿಗೆ ಬೀಳಲ್ಲ. ನನ್ನ ಹೆಂಡ್ತಿ ಸಾಯೋ ಹೊತ್ತಲ್ಲಿ ಇದನ್ನ ಹೇಳೋರೇ ಇರ್ಲಿಲ್ಲ."

ಆಸ್ಪತ್ರೆಯ ದಾರಿಯಲ್ಲಿ ಅವಳು ಹಿಂದಿನಿಂದ ಅವನ ಬೆನ್ನು ತಟ್ಟಿದಳು. "ಅಣ್ಣ, ಗಾಡಿ ನಿಲ್ಸು."

"ಮತ್ತೆ?"

"ಮತ್ತೆ. ಆ ಕಡೆ ತಿರುಗಿ ನಿಂತ್ಕೋ."

ಡಾಕ್ಟರು ಬುವಾಲಾಗಿಂತ ಚಿಕ್ಕವಳು, ನಿದ್ದೆಗೆಟ್ಟ ಕಣ್ಣು. ಹೇಳಿದ್ದನ್ನು ಪೂರ್ತಿ ಕೇಳಿದಳು. "ಕ್ರಿಪ್ಟೋಸ್ಪೊರಿಡಿಯಮ್ ಇರಬಹುದು ಅಕ್ಕ. ಕರುಳಲ್ಲಿ ಕೂತ್ಕೊಳ್ಳೋ ಸಣ್ಣ ಪರಾವಲಂಬಿ. ಆದ್ರೆ ಸಿಕ್ಕಿದ್ರೂ ನಿಮ್ಮಂಥವರ ಸೋತ ಮೈಯಲ್ಲಿ ಅದನ್ನ ಕೊಲ್ಲೋ ಮಾತ್ರೆ ಇಲ್ಲ."

"ಹಾಗಾದ್ರೆ ಏನಿದೆ?"

"ಎಚ್‌ಐವಿ ಮಾತ್ರೆ. ಮೈಗೆ ಬಲ ಬಂದ್ರೆ ಮೈಯೇ ಇದನ್ನ ಹೊರಗೆ ಹಾಕುತ್ತೆ. ಆದ್ರೆ ಆ ಮಾತ್ರೆಗೆ ಸರದಿ ಇದೆ. ನಗರದಿಂದ ನಿಮ್ಮ ರಕ್ತದ ಲೆಕ್ಕ ಬರಬೇಕು."

"ಅಷ್ಟರಲ್ಲಿ ನಾನು ಹೋಗಿರ್ತೀನಿ. ಈ ಹುಳ ಸಿಕ್ಕಿದ್ರೆ?"

ಡಾಕ್ಟರು ಪರೀಕ್ಷೆಯ ಚೀಟಿ ಎಳೆದುಕೊಂಡಳು. "ಸಿಕ್ಕಿದ್ರೆ ಕಾಯಿಲೆ ಕೊನೇ ಹಂತಕ್ಕೆ ಬಂದಿದೆ ಅಂತ ಲೆಕ್ಕ. ರಕ್ತದ ವರದಿಗೆ ಕಾಯ್ಬೇಕಿಲ್ಲ, ಶುರು ಮಾಡ್ಬಹುದು."

"ಮತ್ತಿನ್ನೇನು? ಹುಡುಕಿ."

ಸಿಗಲಿಲ್ಲ. ಲ್ಯಾಬಿನ ಹುಡುಗಿ ಕಿಟಕಿಯಿಂದ ತಲೆ ಹಾಕಿ, "ದಿನಾ ಹೊರಗೆ ಬರಲ್ಲ ಅದು. ನಾಳೆ ಮತ್ತೆ ಕೊಡ್ತೀರಾ?" ಅಂದಳು.

"ನಾಳೆ ಯಾಕೆ, ಈಗ್ಲೇ ಕೊಡ್ತೀನಿ. ನನ್ನ ಹತ್ರ ಧಾರಾಳವಾಗಿರೋದು ಅದೊಂದೇ!"

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಬುವಾಲಾ ಮನೆಗೆ ಹೋಗಲು ಒಪ್ಪಲಿಲ್ಲ. ಕೈಗೆ ಗ್ಲೂಕೋಸ್ ಹಾಕಿಸಿಕೊಂಡು ಪಡಸಾಲೆಯ ಬೆಂಚಿನ ಮೇಲೇ ಮಲಗಿದಳು. ಮರುದಿನ ಆ ಹುಡುಗಿಯೇ ಓಡಿ ಬಂದು ಕರೆದಳು. ಸೂಕ್ಷ್ಮದರ್ಶಕದೊಳಗೆ, ನೀಲಿ ನೆಲದ ಮೇಲೆ ದುಂಡನೆಯ ಕೆಂಪು ಮಣಿಗಳು ಚೆಲ್ಲಿದ್ದವು.

"ಚಂದ ಇದೆ ಹಾಳಾದ್ದು," ಅಂದಳು ಬುವಾಲಾ. ಕಣ್ಣು ಒರೆಸಿಕೊಂಡು ಇನ್ನೊಮ್ಮೆ ಬಗ್ಗಿ ನೋಡಿದಳು.

ಮಾತ್ರೆ ಬಂತು. ನೀರು ಕುದಿಸಿಯೇ ಕುಡಿಯಬೇಕು, ಕ್ಲೋರಿನ್‌ಗೆ ಈ ಹುಳ ಸಾಯುವುದಿಲ್ಲ ಅಂದಿದ್ದಳು ಡಾಕ್ಟರು. ಮನೆಯ ದೊಡ್ಡ ಪಾತ್ರೆ ಒಂದೇ, ಮರಗೆಣಸಿನ ಹಿಟ್ಟಿನ ಅಂಟು ಕಾಯಿಸುವಂಥದ್ದು. ಮಾವ ಅದನ್ನೇ ಉಜ್ಜಿ ಉಜ್ಜಿ ತೊಳೆದು ದಿನಾ ಬೆಳಿಗ್ಗೆ ನೀರು ಕುದಿಸಿದ. ಆದರೂ ಅಂಟಿನ ವಾಸನೆ.

"ಒಳ್ಳೇದೇ ಆಯ್ತು ಬಿಡು, ಕರುಳು ಅಂಟ್ಕೊಂಡು ನಿಲ್ಲುತ್ತೆ," ಅಂದಳು.

ಮೊದಲ ವಾರಗಳಲ್ಲಿ ವಾಂತಿ, ಮೈಯೆಲ್ಲ ದದ್ದು. ಭೇದಿಯೂ ನಿಲ್ಲಲಿಲ್ಲ. ಮಾವನ ಕಣ್ಣು ಆಗಾಗ ಮೂಲೆಯ ಗೋಣಿಯ ಕಡೆ ಹೋಗುವುದನ್ನು ಅವಳು ನೋಡುತ್ತಿದ್ದಳು. ಒಂದು ದಿನ ತೆವಳಿಕೊಂಡೇ ಹೋಗಿ, ಚೀಟಿಯ ಮೇಲೆ ತನ್ನ ಹೆಸರು ಬರೆದು ಪ್ರಾಸಾದದ ಕಾಲಿಗೆ ಕಟ್ಟಿದಳು. "ಈಗ ನೋಡು, ಎಷ್ಟು ಬೇಕೋ ಅಷ್ಟು ನೋಡು," ಅಂದಳು.

ಬೇಸಿಗೆ ಹೊತ್ತಿಗೆ ಅವಳು ಅನ್ನ ತಿಂದು ದಕ್ಕಿಸಿಕೊಳ್ಳುತ್ತಿದ್ದಳು. ಕೆನ್ನೆ ತುಂಬಿತ್ತು. ಒಂದು ಮಧ್ಯಾಹ್ನ ಕೆರೆಯಾಚೆಯಿಂದ ಒಬ್ಬ ಬಂದ. ತಾಯಿ ತೀರಿಕೊಂಡಿದ್ದಾಳೆ, ನಾಳೆಯೇ ದಹನ, ಸಿದ್ಧವಾದದ್ದು ಏನಾದರೂ ಇದೆಯಾ? ಮಾವ ಗೋಣಿ ಸರಿಸಿದ.

"ಅದು ಮಾರಾಟಕ್ಕಿಲ್ಲ," ಅಂದಳು ಬುವಾಲಾ. "ಅಮ್ಮಂಗೆ ಹೊಸದೇ ಕಟ್ಕೊಡ್ತೀವಿ ಅಣ್ಣ. ಬೆಳಗಾಗೋದ್ರೊಳಗೆ ಕತ್ತರಿಸಿ ಮುಗಿಸ್ತೀನಿ."

ಮಾವ ಅವಳನ್ನು ಮೇಲಿನಿಂದ ಕೆಳಗೆ ನೋಡಿದ. "ಇದನ್ನ ಇಟ್ಕೊಂಡು ಏನ್ ಮಾಡ್ತೀಯೇ? ಇದರಲ್ಲಿ ನೀನೀಗ ಹಿಡಿಸೋದೂ ಇಲ್ಲ."

"ಅಗಲ ಮಾಡು," ಕತ್ತರಿ ಎತ್ತಿಕೊಳ್ಳುತ್ತ ಅಂದಳು. "ಹಿಂದ್ಗಡೆನೂ ಚಿನ್ನದ ಕಾಗದ ಅಂಟಿಸು. ಅವಸರ ಏನಿಲ್ಲ."